ಉದ್ಯಾನ, ಠಾಣೆ, ಚಿಕಿತ್ಸಾಲಯ: ಪುರುಷರ ಕಾಮವರ್ತನೆಯ ನಿಯಂತ್ರಣವೂ ಲೋಕಾಭಿಪ್ರಾಯವೂ

ಕಡೂರು, ತರೀಕೆರೆ, ಅಜ್ಜಂಪುರಗಳಂತಹ ಊರುಗಳಲ್ಲಿ ಪುರುಷನೊಬ್ಬನ ನಡತೆಯನ್ನು ಕಾಯುವ ಕೆಲಸವನ್ನು ಪೊಲೀಸರಿಗಿಂತ ಮೊದಲು ನಾಲ್ಕು ಜನರ ಬಾಯಿಯೇ ವಹಿಸಿಕೊಂಡಿರುವುದು. ಕೆರೆಯ ಏರಿ, ಸಂತೆಯ ಮಾಳ, ರೈಲು ನಿಲ್ದಾಣ ಇವುಗಳಲ್ಲಿ ಎಲ್ಲಿ ನಿಂತರೂ ಅವನು ಇಂಥವರ ಮಗನೆಂದು ಗುರುತಿಸಲ್ಪಡುವವನೇ. ಬೀರೂರಿನಲ್ಲಿ ಕವಲೊಡೆದು ಒಂದು ಕಡೆ ಅಜ್ಜಂಪುರದ ಮೇಲೆ ಹರಿಹರಕ್ಕೂ ಇನ್ನೊಂದು ಕಡೆ ತರೀಕೆರೆಯ ಮೇಲೆ ಶಿವಮೊಗ್ಗೆಗೂ ಹೋಗುವ ರೈಲುಮಾರ್ಗವು ಈ ಸೀಮೆಯನ್ನು ಬೆಂಗಳೂರಿಗೆ ಜೋಡಿಸಿತಷ್ಟೆ. ಅಲ್ಲಿ 1870ರಲ್ಲಿ ನಿರ್ಮಿತವಾಗಿ, 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣಗೊಂಡರೂ ಜನರ ನಾಲಗೆಯಲ್ಲಿ ಕಬ್ಬನ್ ಪಾರ್ಕಾಗಿಯೇ ಉಳಿದ ವಿಶಾಲ ವನವು, ಹೆಸರಿಲ್ಲದೆ ನಿಲ್ಲಬಹುದಾದ ಸ್ಥಳವನ್ನು ಒದಗಿಸಿತು. ಆದರೆ ಹೆಸರಿಲ್ಲದವನನ್ನು ಹೆದರಿಸುವುದಕ್ಕೆ ಅವನ ಹೆಸರನ್ನು ಕೇಳಿದರೆ ಸಾಕು. ಪುರುಷಪುರುಷರ ಕಾಮಸಂಬಂಧವನ್ನು ನಿಯಂತ್ರಿಸಿದ ಚರಿತ್ರೆಯಲ್ಲಿ ಶಿಕ್ಷೆಗಿಂತ ಬಲವತ್ತರವಾದ ಆಯುಧವು ಮಾನಭಯವೇ ಆಗಿದ್ದಿತೆಂಬುದನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

1860ರಲ್ಲಿ ರಚಿತವಾಗಿ 1862ರಿಂದ ಜಾರಿಗೆ ಬಂದ ಭಾರತೀಯ ದಂಡಸಂಹಿತೆಯ 377ನೆಯ ಕಲಮು ‘ನಿಸರ್ಗವಿರುದ್ಧ’ ಸಂಭೋಗಕ್ಕೆ ಯಾವಜ್ಜೀವ ಶಿಕ್ಷೆಯವರೆಗೂ ಅವಕಾಶವಿತ್ತಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗವು, ಇಂತಹ ಅಪರಾಧದ ಸಂಶಯಕ್ಕೆ ಗುರಿಯಾದ ನಪುಂಸಕರೆನಿಸಿದವರನ್ನು ಪಟ್ಟಿಮಾಡಲು ಅಪ್ಪಣೆ ಕೊಟ್ಟಿತು. ಈ ಶಾಸನಗಳ ಹಿಂದಿದ್ದ ಮನೋಧರ್ಮವು 1884ರ ಖೈರಾತಿ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಗೋಚರಿಸುವುದು: ಸ್ತ್ರೀವೇಷದಲ್ಲಿ ಹಾಡುತ್ತಿದ್ದವನೊಬ್ಬನ ಮೇಲೆ ಹೊರಿಸಿದ ಆಪಾದನೆಗೆ ಕಾಲ, ಸ್ಥಳ, ಸಹವರ್ತಿ ಯಾವುದೂ ಸಿದ್ಧವಾಗದಿರಲು ಅಲಹಾಬಾದಿನ ಉಚ್ಚ ನ್ಯಾಯಾಲಯವು ಶಿಕ್ಷೆಯನ್ನು ರದ್ದುಗೊಳಿಸಿತಾದರೂ, ಅಧಿಕಾರಿಗಳ ಉದ್ದೇಶವನ್ನು ಮಾತ್ರ ಶ್ಲಾಘಿಸದೆ ಬಿಡಲಿಲ್ಲ. ಕೃತ್ಯವನ್ನು ಸಾಬೀತುಪಡಿಸಲಾಗದೆಡೆಯಲ್ಲಿ ವ್ಯಕ್ತಿಯನ್ನೇ ಸಂಶಯಿಸುವ ಈ ಪರಿಪಾಟಿಯು ಮುಂದೆ ಉದ್ಯಾನಗಳ ಗಸ್ತಿಗೂ ಸಂಕ್ರಮಿಸಿತು.

1992ರಲ್ಲಿ ದೆಹಲಿಯ ಕನಾಟ್ ಪ್ಲೇಸಿನ ಸೆಂಟ್ರಲ್ ಪಾರ್ಕಿನಲ್ಲಿ ಸಂಶಯದ ಮೇಲೆ ಪುರುಷರನ್ನು ಬಂಧಿಸಿದಾಗ ಏಡ್ಸ್ ಭೇದಭಾವ ವಿರೋಧಿ ಆಂದೋಲನವು ಪೊಲೀಸ್ ಕೇಂದ್ರಕಚೇರಿಯ ಮುಂದೆ ಪ್ರತಿಭಟಿಸಿತು. ಬೆಂಗಳೂರಿನ ಸ್ಥಿತಿಗೆ ಲಿಖಿತ ಸಾಕ್ಷ್ಯ ದೊರೆತುದು, ಪಿ.ಯು.ಸಿ.ಎಲ್. ಎಂಬ ನಾಗರಿಕ ಹಕ್ಕುಗಳ ಸಂಸ್ಥೆಯ ಕರ್ನಾಟಕ ಶಾಖೆಯು 2001ರಲ್ಲಿ ಪ್ರಕಟಿಸಿದ ಸತ್ಯಶೋಧನಾ ವರದಿಯಿಂದ. ಲೈಂಗಿಕ ಅಲ್ಪಸಂಖ್ಯಾತರ ಹೇಳಿಕೆಗಳನ್ನು ಸಂಗ್ರಹಿಸಿದ ಆ ವರದಿಯಲ್ಲಿ ಎದ್ದು ಕಾಣುವುದು ನ್ಯಾಯಾಲಯದ ವಿಚಾರಣೆಯಲ್ಲ. ಹಣದ ವಸೂಲಿ, ಅಕ್ರಮ ಬಂಧನ, ಬೈಗುಳ, ಹೊಡೆತ, ಮತ್ತು ‘ಮನೆಗೆ ತಿಳಿಸುತ್ತೇನೆ’ ಎಂಬ ಬೆದರಿಕೆ. ಕಾಯಿದೆಯು ಗ್ರಂಥದಲ್ಲಿದ್ದಿತು, ವ್ಯವಹಾರವು ಬೆಂಚಿನ ಬಳಿಯೇ ಮುಗಿಯುತ್ತಿದ್ದಿತು.

ಠಾಣೆಗೆ ಅಂಜಿದ ಕುಟುಂಬವು ಹಿಡಿದ ಇನ್ನೊಂದು ಹಾದಿ ಚಿಕಿತ್ಸೆಯದು. ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬುದು ಮನೆಯ ಔಷಧ. ಅದರ ಭಾರವನ್ನು ಹೊತ್ತವಳು ಏನೂ ಅರಿಯದ ವಧು. ವೈದ್ಯರಾದರೋ, 1973ರಲ್ಲಿ ಅಮೆರಿಕದ ಮನೋವೈದ್ಯರು ಸಲಿಂಗಾಸಕ್ತಿಯನ್ನು ರೋಗಗಳ ಪಟ್ಟಿಯಿಂದ ತೆಗೆಯಲು ನಿರ್ಧರಿಸಿದ ಮೇಲೆಯೂ, 1982 ಮತ್ತು 1983ರಲ್ಲಿ ಭಾರತೀಯ ಮನೋವೈದ್ಯ ಸಂಘದ ಪತ್ರಿಕೆಯಲ್ಲಿ ಅದರ ‘ಚಿಕಿತ್ಸೆ’ಯ ಫಲಗಳನ್ನು ವರದಿಮಾಡುತ್ತಿದ್ದರು. ಇಷ್ಟವಾದುದನ್ನು ನೋವಿನೊಡನೆ ಗಂಟುಹಾಕಿ ಜುಗುಪ್ಸೆ ಹುಟ್ಟಿಸುವುದು ಇಂತಹ ವರ್ತನಾಚಿಕಿತ್ಸೆಗಳಲ್ಲೊಂದು. ರೋಗಿಯು ತಾನಾಗಿ ಬೇಡಿದನೆಂಬುದು ವೈದ್ಯರ ಸಾಮಾನ್ಯ ಸಮರ್ಥನೆ. ಆದರೆ ಮಾನಭಯದಿಂದ ಹುಟ್ಟಿದ ಬೇಡಿಕೆಯನ್ನು ಸ್ವೇಚ್ಛೆಯೆಂದು ಗಣಿಸುವುದು ಹೇಗೆ?

ರೋಗವೆಂಬ ಭಾಷೆಯು ದಂಡನೆಗೆ ವಿರುದ್ಧವಾಗಿಯೂ ತಿರುಗಿದುದು ಇಲ್ಲಿನ ವಿಚಿತ್ರ. 377ನೆಯ ಕಲಮನ್ನು ಪ್ರಶ್ನಿಸಿ ನಾಜ್ ಪ್ರತಿಷ್ಠಾನವು ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಹೂಡಿದ ಮೊಕದ್ದಮೆಯಲ್ಲಿ ಕೇಂದ್ರದ ಗೃಹಖಾತೆಯು ಆ ಕಲಮು ಉಳಿಯಬೇಕೆಂದು ವಾದಿಸಿದರೆ, ಅದೇ ಸರಕಾರದ ಏಡ್ಸ್ ನಿಯಂತ್ರಣ ಸಂಸ್ಥೆಯು 2006ರಲ್ಲಿ, ಬಂಧನದ ಭಯವು ಜನರನ್ನು ಮರೆಗೆ ತಳ್ಳಿ ರೋಗನಿವಾರಣೆಗೆ ವಿಘ್ನವಾಗುತ್ತಿದೆಯೆಂದು ಪ್ರಮಾಣಪತ್ರ ಸಲ್ಲಿಸಿತು. ಆ ಮೊಕದ್ದಮೆಯಲ್ಲಿ ಪ್ರತಿಷ್ಠಾನಕ್ಕೆ ಅನುಕೂಲವಾದ 2009ರ ತೀರ್ಪು 2013ರಲ್ಲಿ ಉರುಳಿ, 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಖಾಸಗಿ, ಸಮ್ಮತ ಸಂಬಂಧವನ್ನು ಅಪರಾಧಮುಕ್ತಗೊಳಿಸಿತು. 2021ರ ಮದರಾಸು ಉಚ್ಚ ನ್ಯಾಯಾಲಯದ ಆದೇಶವನ್ನನುಸರಿಸಿ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಪರಿವರ್ತನಾ ಚಿಕಿತ್ಸೆಯನ್ನು ವೃತ್ತಿದುರಾಚಾರವೆಂದು ಸಾರಿತು.

ಸಾರ್ವಜನಿಕ ಸ್ಥಳದಲ್ಲಿ ಸಭ್ಯತೆಯನ್ನು ಅಪೇಕ್ಷಿಸುವ ಪೌರನ ಹಕ್ಕು ನ್ಯಾಯವಾದುದೇ. ಅಶ್ಲೀಲವರ್ತನೆಯನ್ನು ತಡೆಯುವ ಕಾಯಿದೆಗಳು ಸ್ತ್ರೀಪುರುಷರೆಲ್ಲರಿಗೂ ಸಮಾನವಾಗಿ ಈಗಲೂ ಇವೆ. ಆದರೆ ಬೆದರಿಕೆಗೆ ಕಲಮಿನ ಸಂಖ್ಯೆ ಬೇಕಾಗಿರಲಿಲ್ಲವಾದುದರಿಂದ, ಕಲಮು ಹೋದ ಮಾತ್ರಕ್ಕೆ ಅದು ಹೋಯಿತೆನ್ನಲಾಗದು. ಈ ಚರಿತ್ರೆಯ ಕಾಲವಿಭಾಗವನ್ನು ತೀರ್ಪುಗಳ ತಾರೀಖುಗಳಿಂದ ಮಾಡುವವನು ಅದರ ಅರ್ಧವನ್ನಷ್ಟೇ ಬರೆದಂತಾಗುವುದು; ಉಳಿದರ್ಧವು, ಮಗನ ವಿಷಯವಾಗಿ ಊರೇನೆಂದೀತೆಂಬ ಅಂಜಿಕೆಯು ಕಡೂರಿನ ಮನೆಯೊಂದರಲ್ಲಿ ಎಷ್ಟರಮಟ್ಟಿಗೆ ಸಡಿಲಿತೆಂಬುದರಲ್ಲಿ ಇರುವುದು.