ಕಾವಸಜಿಯ ಮೂಗು ಮತ್ತು 25 ದಿನಗಳ ಆರೈಕೆ

1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಒಂದು ಪತ್ರವನ್ನು ಪ್ರಕಟಿಸಿತು. ಬರೆದವರು ಪೂರ್ತಿ ಹೆಸರು ಹಾಕಿರಲಿಲ್ಲ, 'ಬಿ.ಎಲ್.' ಎಂಬ ಎರಡು ಅಕ್ಷರ ಮಾತ್ರ. ಪತ್ರದ ಜೊತೆಗೆ ಒಬ್ಬ ಭಾರತೀಯನ ಚಿತ್ರವೂ ಇತ್ತು. ಆತನ ಹೆಸರು ಕಾವಸಜಿ. ಮರಾಠಾ ರೈತ ಕುಲದವನು. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವ ಕೆಲಸ ಮಾಡುತ್ತಿದ್ದ. ಸೆರೆಸಿಕ್ಕಾಗ ಟಿಪ್ಪು ಆತನ ಮೂಗನ್ನೂ ಒಂದು ಕೈಯನ್ನೂ ಕಡಿಸಿದ ಎನ್ನುತ್ತದೆ ಪತ್ರ.

ಇಲ್ಲಿಗೆ ಬಂದ ಕೂಡಲೇ ನಮ್ಮಲ್ಲಿ ವಾದ ಶುರುವಾಗುತ್ತದೆ. ಬರೆದವರು ಟಿಪ್ಪುವಿನ ಶತ್ರುಪಕ್ಷದವರು ಎಂಬುದು ನಿಜ. ಮೂಗು ಕೊಯ್ಯುವುದು ಟಿಪ್ಪುವಿಗಿಂತ ಹಳೆಯ ಯುದ್ಧಪದ್ಧತಿ ಎಂಬುದೂ ನಿಜ. 17ನೇ ಶತಮಾನದ ಮೈಸೂರು ಸೈನ್ಯದ ಬಗ್ಗೆಯೂ ಆ ಕಾಲದವರು ಇದನ್ನೇ ಬರೆದಿಟ್ಟಿದ್ದಾರೆ. ಆದರೆ ಯಾರು ಕೊಯ್ದರೂ ಕ್ರೌರ್ಯ ಕ್ರೌರ್ಯವೇ. ನನಗೆ ಬೇಸರ ತರುವುದು ಬೇರೆ ಸಂಗತಿ. ಈ ವಾದದ ಗದ್ದಲದಲ್ಲಿ ಪತ್ರದ ಉಳಿದ ಭಾಗವನ್ನು ನಾವು ಓದುವುದೇ ಇಲ್ಲ. ಬನ್ನಿ, ಅದನ್ನು ಸ್ವಲ್ಪ ನಿಧಾನವಾಗಿ ಓದೋಣ.

ಒಂದು ವರ್ಷಕ್ಕೂ ಹೆಚ್ಚು ಕಾಲ ಕಾವಸಜಿ ಮೂಗಿಲ್ಲದೇ ಬದುಕಿದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಮೊದಲು ತೆಳುವಾದ ಮೇಣದಲ್ಲಿ ಮೂಗಿನ ಆಕಾರ ಮಾಡುವುದು. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುವುದು. ಅಷ್ಟು ಚರ್ಮವನ್ನು ಬಿಡಿಸಿ, ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಹಾಗೇ ಉಳಿಸುವುದು. ಹೊಸ ಜಾಗದಲ್ಲಿ ಚರ್ಮ ಬೇರೂರುವ ತನಕ ಆ ಪಟ್ಟಿಯ ಮೂಲಕವೇ ಅದಕ್ಕೆ ರಕ್ತ ಬರಬೇಕು. ಆಮೇಲೆ ಚರ್ಮವನ್ನು ತಿರುಗಿಸಿ ಕೆಳಗೆ ತಂದು ಹಳೆಯ ಮೂಗಿನ ಜಾಗದಲ್ಲಿ ಕೂರಿಸುವುದು. ಬಾಂಬೆ ಪ್ರೆಸಿಡೆನ್ಸಿಯ ಇಬ್ಬರು ಇಂಗ್ಲಿಷ್ ವೈದ್ಯರು ಇಂಥ ಚಿಕಿತ್ಸೆಯನ್ನು ಕಣ್ಣಾರೆ ಕಂಡಿದ್ದರು.

ಇನ್ನು ಮುಂದಿನದನ್ನು ಗಮನಿಸಿ. ಎಲೆ ಅಡಿಕೆಗೆ ಹಾಕುವ ಕಾಚನ್ನು ನೀರಿನಲ್ಲಿ ಮೆದುವಾಗಿಸಿ, ಬಟ್ಟೆಯ ಪಟ್ಟಿಗಳಿಗೆ ಸವರಿ, ಐದಾರು ಪದರ ಅಂಟಿಸಬೇಕು. ನಾಲ್ಕು ದಿನ ಅದನ್ನು ಮುಟ್ಟುವಂತಿಲ್ಲ. ಆಮೇಲೆ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ ಹಾಕಬೇಕು. ಐದಾರು ದಿನ ರೋಗಿ ಬೆನ್ನ ಮೇಲೆಯೇ ಮಲಗಿರಬೇಕು. 10ನೇ ದಿನ ಮೂಗಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆಯ ಬಟ್ಟೆಯ ಚೂರು ತುರುಕಬೇಕು. ಸುಮಾರು 25ನೇ ದಿನ ಕಣ್ಣುಗಳ ನಡುವಿನ ಆ ಪಟ್ಟಿಯನ್ನು ಕತ್ತರಿಸಬೇಕು.

ಲೆಕ್ಕ ಹಾಕಿ ನೋಡಿ. ಕತ್ತಿಯ ಕೆಲಸ ಒಂದು ಹೊತ್ತಿನದು, ಆರೈಕೆಯ ಕೆಲಸ ಮೂರೂವರೆ ವಾರದ್ದು. ಇದ್ದದ್ದು ಒಂದೇ ಕೈಯಾದ ಮನುಷ್ಯ ಅಂಗಾತ ಮಲಗಿದ್ದಾನೆ. ಅವನಿಗೆ ನೀರು ಕುಡಿಸಬೇಕು, ಬಟ್ಟೆ ಬದಲಿಸಬೇಕು, 'ಮಗ್ಗುಲಾಗಬೇಡ, ಮುಟ್ಟಬೇಡ' ಅಂತ ಮತ್ತೆ ಮತ್ತೆ ಹೇಳಬೇಕು. ಹಾಗೆ ಮಾಡಿದವರ ಹೆಸರು ಪತ್ರದಲ್ಲಿಲ್ಲ. ಮೂಗು ಕಟ್ಟಿದವನ ಹೆಸರೇ ಇಲ್ಲ ಅಂದಮೇಲೆ ಇವರ ಮಾತು ಎಲ್ಲಿಯದು!

ಆರೈಕೆಯನ್ನು ಕಡೆಗಣಿಸುವುದು ನಮ್ಮ ಹಳೆಯ ವೈದ್ಯದ ದಾರಿಯಲ್ಲ. ವೈದ್ಯ, ಔಷಧ, ಉಪಚಾರ ಮಾಡುವವ, ರೋಗಿ, ಈ ನಾಲ್ಕೂ ಚಿಕಿತ್ಸೆಯ ಕಾಲುಗಳು ಎನ್ನುತ್ತದೆ ಆಯುರ್ವೇದ. ಇಸ್ಲಾಮಿನ ಚರಿತ್ರೆಯಲ್ಲೂ ಇದಕ್ಕೆ ಸಾಕ್ಷಿಗಳಿವೆ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಇಬ್ನ್ ಮುಆದ್‌ರನ್ನು ರುಫೈದಾ ಎಂಬ ಮಹಿಳೆಯ ಡೇರೆಗೆ ಕರೆದೊಯ್ಯಲಾಯಿತು. ಗಾಯಾಳುಗಳ ಶುಶ್ರೂಷೆಯೇ ಆಕೆಯ ಕಾಯಕ. ಮೂಗಿನದೇ ಇನ್ನೊಂದು ಪ್ರಸಂಗ ಕೇಳಿ. ಕುಲಾಬ್ ಎಂಬ ಕಾಳಗದಲ್ಲಿ ಅರ್ಫಜಾ ಎಂಬವರ ಮೂಗು ಹೋಗಿತ್ತು. ಅವರು ಬೆಳ್ಳಿಯ ಮೂಗು ಮಾಡಿಸಿಕೊಂಡರು, ಅದು ದುರ್ವಾಸನೆ ಬರತೊಡಗಿತು. ಪ್ರವಾದಿ ಮುಹಮ್ಮದ್(ಸ) ಅವರಿಗೆ ಚಿನ್ನದ ಮೂಗು ಹಾಕಿಸಿಕೊಳ್ಳಲು ಹೇಳಿದರು. ಅಬೂದಾವೂದ್ ಮತ್ತು ತಿರ್ಮಿದಿ ಹದೀಸ್ ಸಂಗ್ರಹಗಳಲ್ಲಿ ಇದು ಇದೆ. ಗಂಡಸರಿಗೆ ಚಿನ್ನ ನಿಷಿದ್ಧ, ಆದರೂ ಇಲ್ಲಿ ಅನುಮತಿ ಸಿಕ್ಕಿತು. ಕಳೆದುಹೋದ ಮುಖವನ್ನು ಮರಳಿ ಪಡೆಯುವುದು ಶೋಕಿಯಲ್ಲ, ಅಗತ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕೆ?

ಪುಣೆಯ ವಿದ್ಯೆ ಮುಂದೆ ಕಡಲು ದಾಟಿತು. 1814ರಲ್ಲಿ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಇದೇ ಹಣೆಯ ಚರ್ಮದ ವಿಧಾನದಲ್ಲಿ ಒಬ್ಬ ಸೇನಾಧಿಕಾರಿಗೆ ಮೂಗು ಕಟ್ಟಿದರು. ನೂರು ವರ್ಷದ ಬಳಿಕ ಮೊದಲ ಮಹಾಯುದ್ಧ ಬಂದಾಗ, ಮುಖ ಛಿದ್ರವಾದ ಸೈನಿಕರಿಗಾಗಿ ಹೆರಾಲ್ಡ್ ಗಿಲ್ಲೀಸ್ ಆಲ್ಡರ್‌ಶಾಟ್‌ನಲ್ಲಿ ಕೆಲಸ ಶುರುಮಾಡಿದರು. ಅಲ್ಲಿ ನರ್ಸ್ ಆಗಿದ್ದ ಕ್ಯಾಥರೀನ್ ಬ್ಲ್ಯಾಕ್ ತಮ್ಮ ಆತ್ಮಕಥೆಯಲ್ಲಿ ಆ ವಾರ್ಡಿನ ನೆನಪು ಬರೆದಿದ್ದಾರೆ. ಅಲ್ಲಿ ಕನ್ನಡಿ ಇಡುತ್ತಿರಲಿಲ್ಲ. ಗಾಯ ತೊಳೆಯುವುದಕ್ಕಿಂತ ಆ ಹುಡುಗರ ಮನಸ್ಸು ಕುಸಿಯದಂತೆ ನೋಡಿಕೊಳ್ಳುವುದೇ ದಾದಿಯರಿಗೆ ದೊಡ್ಡ ಕೆಲಸವಾಗಿತ್ತು.

ಇದೇ ವಿದ್ಯೆ ಆಧುನಿಕ ರೂಪದಲ್ಲಿ ಪುಣೆಗೆ ಮರಳಿದ ಕಥೆಯೂ ಇದೆ. ಇಂಗ್ಲೆಂಡಿನಲ್ಲಿ ತರಬೇತಿ ಪಡೆದ ಡಾ. ನೋಶಿರ್ ಆಂಟಿಯಾ, ಪುಣೆ ಬಳಿಯ ಕೊಂಢವಾದ ಕುಷ್ಠರೋಗ ಆಸ್ಪತ್ರೆಯಲ್ಲಿ ರೋಗಿಗಳ ಕುಸಿದ ಮೂಗು, ಮಡಚಿಹೋದ ಬೆರಳುಗಳನ್ನು ಸರಿಪಡಿಸತೊಡಗಿದರು. ಸಮಾಜ ಹೊರಗಿಟ್ಟ ಜನ ಇವರು. ಕುಷ್ಠದಲ್ಲಿ ಬೆರಳು ತಾನಾಗಿ ಕೊಳೆತು ಬೀಳುವುದಲ್ಲ. ಸ್ಪರ್ಶಜ್ಞಾನ ಹೋದ ಕೈಗೆ ಸುಟ್ಟದ್ದು, ಕುಯ್ದದ್ದು ಗೊತ್ತಾಗದೇ ಗಾಯವಾಗಿ ಬೆರಳು ಹೋಗುತ್ತದೆ. ಇದನ್ನು ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ತೋರಿಸಿಕೊಟ್ಟಿದ್ದರು. ಹಾಗಾಗಿ ಎಷ್ಟು ಚೆಂದ ಶಸ್ತ್ರಚಿಕಿತ್ಸೆ ಮಾಡಿದರೂ, 'ದಿನಾ ಸಂಜೆ ಕೈಕಾಲು ನೋಡಿಕೋ, ಬಿಸಿ ಪಾತ್ರೆ ಬರಿಗೈಯಲ್ಲಿ ಹಿಡಿಯಬೇಡ' ಅಂತ ರೋಗಿಗೆ ಕಲಿಸದಿದ್ದರೆ ಎಲ್ಲವೂ ನೀರಿನಲ್ಲಿ ಹೋಮ.

ಈಗ ಭೋಸರಿಗೆ ಬರೋಣ. ಪುಣೆಯಿಂದ ನಾಸಿಕ್ ಕಡೆಗೆ ಹೋಗುವ ರಸ್ತೆಯಲ್ಲಿ, ಪಿಂಪ್ರಿ–ಚಿಂಚವಡ ಪಾಲಿಕೆಯ ವ್ಯಾಪ್ತಿಯಲ್ಲಿದೆ ಈ ಕೈಗಾರಿಕಾ ಪ್ರದೇಶ. ತಗಡು ಒತ್ತುವ ಪ್ರೆಸ್ ಮಷಿನ್ನುಗಳ ಸಣ್ಣ ಸಣ್ಣ ವರ್ಕ್‌ಶಾಪ್‌ಗಳ ಊರು. ಕಲಬುರಗಿ, ಬೀದರ್, ವಿಜಯಪುರ ಕಡೆಯಿಂದ ಪುಣೆಗೆ ದುಡಿಯಲು ಹೋದ ನಮ್ಮವರೂ ಇಂಥ ಕಡೆ ಕೆಲಸ ಮಾಡುತ್ತಾರೆ. ಇಲ್ಲಿ ಮೂಗು ಕೊಯ್ಯುವ ರಾಜ ಇಲ್ಲ, ಬೆರಳು ಕಡಿಯುವ ಮಷಿನ್ ಇದೆ.

ಜಜ್ಜಿದ ಕೈಗೆ ಹೊದಿಸಲು ಚರ್ಮ ಬೇಕಾದಾಗ ಇಂದಿಗೂ ಬಳಸುವ ಒಂದು ವಿಧಾನವೆಂದರೆ, ಕೈಯನ್ನು ತೊಡೆಸಂದಿನ ಚರ್ಮಕ್ಕೆ ಹೊಲಿದು ಸುಮಾರು ಮೂರು ವಾರ ಹಾಗೇ ಇಡುವುದು, ಆಮೇಲೆ ಬಿಡಿಸುವುದು. ಕಾವಸಜಿಯ 25 ದಿನ ನೆನಪಾಯಿತಲ್ಲ? ಲೆಕ್ಕ ಹೆಚ್ಚುಕಡಿಮೆ ಅದೇ. ಆ ಮೂರು ವಾರ ಹೇಗೆ ಮಲಗಬೇಕು, ಉಣ್ಣಬೇಕು, ಶೌಚಕ್ಕೆ ಹೋಗಬೇಕು, ನಮಾಝ್ ಮಾಡುವವರು ಹೇಗೆ ಮಾಡಬೇಕು? ಚರ್ಮ ಬಿಳಿಚಿದರೆ ರಕ್ತ ಬರುತ್ತಿಲ್ಲ, ನೀಲಿಗಟ್ಟಿದರೆ ರಕ್ತ ವಾಪಸ್ ಹೋಗುತ್ತಿಲ್ಲ. ಎರಡರಲ್ಲೂ ಕೂಡಲೇ ಸಿಸ್ಟರ್‌ನ್ನು ಕರೆಯಬೇಕು. ಬೀಡಿ ಸೇದಿದರೆ ರಕ್ತನಾಳ ಕುಗ್ಗಿ ಹೊಸ ಚರ್ಮ ಸಾಯಬಹುದು. ಇದನ್ನೆಲ್ಲ ಹೇಳುವವರು ಆಪರೇಷನ್ ಮುಗಿಸಿ ಹೋಗುವ ಡಾಕ್ಟರಲ್ಲ, ಹಗಲಿರುಳು ವಾರ್ಡಿನಲ್ಲಿರುವ ನರ್ಸ್. ಅವರು ಮರಾಠಿಯಲ್ಲಿ ಹೇಳಿದ್ದಕ್ಕೆ ಕಲಬುರಗಿಯ ಹುಡುಗ ತಲೆಯಾಡಿಸಿದರೆ ಅರ್ಥವಾಯಿತು ಅಂತಲ್ಲ. 'ನಾನು ಹೇಳಿದ್ದನ್ನು ನಿನ್ನ ಮಾತಿನಲ್ಲಿ ಹೇಳು ನೋಡೋಣ' ಅಂತ ಕೇಳಿದಾಗಲೇ ಗೊತ್ತಾಗುವುದು.

ನೀವೂ ಒಂದಿಷ್ಟು ತಿಳಿದಿರಿ, ನಿಮ್ಮವರಿಗೂ ಹೇಳಿ. ಮೊದಲು ಗಾಯಾಳುವಿನ ಕೈಯನ್ನು ಬಟ್ಟೆಯಿಂದ ಒತ್ತಿ ಹಿಡಿದು ಎತ್ತರದಲ್ಲಿಡಿ. ತುಂಡಾದ ಬೆರಳನ್ನು ಶುದ್ಧ ನೀರಿನಲ್ಲಿ ತೊಳೆದು, ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಿರಿ. ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿಡಿ. ಬೆರಳಿಗೆ ನೇರವಾಗಿ ಐಸ್ ತಾಗಬಾರದು. ತಡಮಾಡದೇ ಆಸ್ಪತ್ರೆಗೆ ಓಡಿ. ಇ.ಎಸ್.ಐ. ಇದ್ದವರಿಗೆ ಕೆಲಸದ ಗಾಯದಿಂದ ದುಡಿಯಲಾಗದ ದಿನಗಳಿಗೆ ಕೂಲಿಯ ಶೇ. 90ರಷ್ಟು ಸಿಗುತ್ತದೆ, ಅದನ್ನೂ ಕೇಳಿ ಪಡೆಯಿರಿ.

ನಮ್ಮ ಮನೆಗಳ ಹೆಣ್ಣುಮಕ್ಕಳು, ಗಂಡುಮಕ್ಕಳು ಈಗ ನರ್ಸಿಂಗ್ ಓದುತ್ತಿದ್ದಾರೆ. ಅದನ್ನು ಡಾಕ್ಟರ್ ಸೀಟು ಸಿಗದವರ ಓದು ಎಂದು ಹಗುರವಾಗಿ ಮಾತಾಡುವವರು ಕಾವಸಜಿಯ ಪತ್ರವನ್ನು ಇನ್ನೊಮ್ಮೆ ಓದಲಿ. ಮೇಣದ ಅಚ್ಚಿನಿಂದ ಮೂಗಿನ ಆಕಾರ ಬಂತು. ಅದು ಮುಖದಲ್ಲಿ ನಿಂತದ್ದು ಆ 25 ದಿನಗಳ ಆರೈಕೆಯಿಂದ.