ಹಾಜರಿ ಪುಸ್ತಕದಿಂದ ಗಣಕಯಂತ್ರದವರೆಗೆ

ಕೊಡಗಿನಲ್ಲಿ ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ತೋಟದ ಲೈನ್ ಮನೆಗಳು ಖಾಲಿಯಾಗತೊಡಗುತ್ತವೆ. ಕೂಲಿಗೆ ಬಂದ ಕುಟುಂಬದ ಜೊತೆ ಶಾಲೆಗೆ ಹೋಗುತ್ತಿದ್ದ ಮಗುವೂ ಹೊರಡುತ್ತದೆ. ಅದು ಬೇರೆ ಶಾಲೆ ಸೇರಿತೋ, ಓದನ್ನೇ ಬಿಟ್ಟಿತೋ ಎಂಬುದು ಹಳೆಯ ಹಾಜರಿ ಪುಸ್ತಕದಿಂದ ತಿಳಿಯುತ್ತಿರಲಿಲ್ಲ.

ಪಾಠ ಹೇಳುವವರೇ ಲೆಕ್ಕ ಬರೆಯುವುದು ಇಲ್ಲಿ ಹೊಸತಲ್ಲ. 1870ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕೊಡಗಿನ ಗ್ಯಾಸೆಟಿಯರನ್ನು ಸಿದ್ಧಪಡಿಸಿದ ಜಿ. ರಿಕ್ಟರ್, ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಶಾಲೆಯ ಪ್ರಾಂಶುಪಾಲರು. 1956ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾದ ಮೇಲೂ ಬಹುಕಾಲ ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ವರ್ಗಾವಣೆ ಪತ್ರಗಳೇ ಶಾಲೆಯ ಕಡತಗಳಾಗಿದ್ದವು.

1990ರ ದಶಕದ ಮಧ್ಯಭಾಗದಲ್ಲಿ, ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಜೊತೆಗೆ, ಶಾಲೆಗಳ ಅಂಕಿಅಂಶಗಳನ್ನು ಗಣಕಯಂತ್ರಕ್ಕೆ ಏರಿಸುವ 'ಡೈಸ್' ಪದ್ಧತಿ ದೇಶಕ್ಕೆ ಬಂತು. ಸೆಪ್ಟೆಂಬರ್ 30ರಂದು ಶಾಲೆಯಲ್ಲಿದ್ದ ಮಕ್ಕಳ ಸಂಖ್ಯೆಯೇ ಅದರ ಆಧಾರ. ಪ್ರತಿ ಶಾಲೆಗೂ 11 ಅಂಕಿಗಳ ಸಂಕೇತ ದೊರೆಯಿತು. ಆದರೆ ಅದು ತಲೆಗಳನ್ನು ಎಣಿಸಿತು, ಹೆಸರುಗಳನ್ನಲ್ಲ. 40 ಮಕ್ಕಳಿದ್ದ ಶಾಲೆಯಲ್ಲಿ ಮರುವರ್ಷ 38 ಮಂದಿ ಉಳಿದರೆ, ಹೋದ ಇಬ್ಬರು ಯಾರೆಂಬುದು ಅದರಲ್ಲಿ ಕಾಣದು.

ಈ ಕೊರತೆ ನೀಗಲು ರಾಜ್ಯದಲ್ಲಿ 'ಸ್ಯಾಟ್ಸ್' ಬಂತು. ಇದರಲ್ಲಿ ಮಗುವಿಗೇ ಒಂದು ಸಂಖ್ಯೆಯಿದ್ದು, ಶಾಲೆ ಬದಲಾದರೂ ಅದು ಜೊತೆಗೇ ಸಾಗುತ್ತದೆ. ಕೇಂದ್ರದ 'ಯುಡೈಸ್ ಪ್ಲಸ್' ಕೂಡ 2022-23ರಿಂದ ಪ್ರತಿ ವಿದ್ಯಾರ್ಥಿಯ ವಿವರವನ್ನು ಬೇರೆಬೇರೆಯಾಗಿ ಪಡೆಯುತ್ತಿದೆ.

ಆದರೆ ಕಕ್ಕಡ ಮಾಸದ ಮಳೆ ಯಾವ ಪದ್ಧತಿಗೂ ಕಾಯುವುದಿಲ್ಲ. ತಂತಿಯ ಮೇಲೆ ಮರ ಬಿದ್ದರೆ ವಿದ್ಯುತ್ ಹೋಗುತ್ತದೆ, ಅದರ ಹಿಂದೆಯೇ ಮೊಬೈಲ್ ಸಂಪರ್ಕವೂ ಹೋಗುತ್ತದೆ. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ವಿವರ ತುಂಬಲು ಪೇಟೆಗೆ ಹೊರಟರೆ ಅಂದಿನ ಪಾಠಕ್ಕೆ ಕುತ್ತು. ವರ್ಗಾವಣೆಗೆ ಎರಡು ಕಡೆಯ ಕೆಲಸ ಬೇಕು: ಹಳೆಯ ಶಾಲೆ ಬಿಡುಗಡೆ ಮಾಡಬೇಕು, ಹೊಸ ಶಾಲೆ ಸೇರಿಸಿಕೊಳ್ಳಬೇಕು. ಒಂದು ಕಡೆ ತಡವಾದರೆ ಮಗು ಒಂದು ಊರಿನಲ್ಲಿ, ಅದರ ಹೆಸರು ಇನ್ನೊಂದು ಊರಿನಲ್ಲಿ. ಊರು ಬದಲಿಸುವ ತೋಟ ಕಾರ್ಮಿಕರ ಮಕ್ಕಳಿಗೂ ಹಾಡಿಯ ಮಕ್ಕಳಿಗೂ ಇದರ ಬಿಸಿ ಮೊದಲು ತಟ್ಟುತ್ತದೆ.

ಇಂಥಲ್ಲಿ ನೆನಪಿಡಬೇಕಾದ ಮಾತೊಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನ ಪ್ರಕಾರ, ವರ್ಗಾವಣೆ ಪತ್ರ ತಡವಾಯಿತೆಂದು ಮಗುವಿನ ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ಗಣಕಯಂತ್ರದಲ್ಲಿ ಹೆಸರು ಮೂಡಲು ಕೆಲವು ದಿನ ಹಿಡಿಯಬಹುದು. ಅಷ್ಟರವರೆಗೆ ಮಗು ಬಾಗಿಲ ಹೊರಗೆ ನಿಲ್ಲಬೇಕಾಗಿಲ್ಲ.