‘ರಾತ್ರಿ ಉಪವಾಸ’ವೆಂಬ ಕಾಯಿಲೆ

1930ರ ದಶಕದಲ್ಲಿ ಇಂಗ್ಲೆಂಡಿನ ಜನರಿಗೆ ಹೊಸದೊಂದು ಕಾಯಿಲೆಯ ಪರಿಚಯವಾಯಿತು. ಹೆಸರು ‘ನೈಟ್ ಸ್ಟಾರ್ವೇಶನ್’. ಕನ್ನಡದಲ್ಲಿ ರಾತ್ರಿ ಉಪವಾಸ ಎನ್ನೋಣ. ಇದನ್ನು ಕಂಡುಹಿಡಿದದ್ದು ವೈದ್ಯರಲ್ಲ, ಹಾರ್ಲಿಕ್ಸ್‌ಗೆ ಜಾಹೀರಾತು ಬರೆಯುತ್ತಿದ್ದ ಜೆ. ವಾಲ್ಟರ್ ಥಾಂಪ್ಸನ್ ಸಂಸ್ಥೆ.

ಹಾರ್ಲಿಕ್ಸ್ ಹುಟ್ಟಿದ್ದು ನಿದ್ದೆಗಾಗಿ ಅಲ್ಲ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಎಂಬ ಅಣ್ಣತಮ್ಮಂದಿರು ಗೋಧಿ, ಮೊಳಕೆ ಕಟ್ಟಿದ ಬಾರ್ಲಿ, ಹಾಲು ಸೇರಿಸಿದ ಪುಡಿಗೆ 1883ರಲ್ಲಿ ಪೇಟೆಂಟ್ ಪಡೆದರು. ಅದು ಕೂಸುಗಳ, ರೋಗಿಗಳ ಆಹಾರವಾಗಿತ್ತು. 1908ರಲ್ಲಿ ಲಂಡನ್ನಿನ ಹತ್ತಿರದ ಸ್ಲೌ ಊರಿನಲ್ಲಿ ಕಾರ್ಖಾನೆಯೂ ಆಯಿತು. ಆದರೆ ಎಷ್ಟೆಂದರೂ ಒಂದು ಊರಿನಲ್ಲಿ ಕೂಸುಗಳು, ರೋಗಿಗಳು ಕೆಲವರೇ. ರಾತ್ರಿ ಮಲಗುವವರು ಮಾತ್ರ ಎಲ್ಲರೂ.

ಜಾಹೀರಾತಿನ ತರ್ಕ ಸರಳ. ನಿದ್ದೆಯಲ್ಲೂ ಹೃದಯ ಬಡಿಯುತ್ತದೆ, ಉಸಿರಾಟ ನಡೆಯುತ್ತದೆ, ಶಕ್ತಿ ಖರ್ಚಾಗುತ್ತದೆ; ಆದ್ದರಿಂದ ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ಸುಸ್ತು. ಮೊದಲರ್ಧವೆಲ್ಲ ನಿಜವೇ. ಮೋಸವಿರುವುದು ಆ ‘ಆದ್ದರಿಂದ’ದಲ್ಲಿ. ಆರೋಗ್ಯವಂತರ ಯಕೃತ್ತು ಸಕ್ಕರೆಯನ್ನು ಕೂಡಿಟ್ಟುಕೊಂಡು ರಾತ್ರಿಯಿಡೀ ರಕ್ತಕ್ಕೆ ಬಿಡುತ್ತಿರುತ್ತದೆ. ಅದಕ್ಕೆ ಮಲಗುವ ಮುನ್ನ ಯಾರ ಲೋಟವೂ ಬೇಕಿಲ್ಲ.

ನಿದ್ದೆ ಬಾರದವರಿಗೆ ಮದ್ದು ಮಾರುವುದು ಹಳೆಯ ವ್ಯಾಪಾರ. ಇದು ಬೇರೆಯದೇ. ಚೆನ್ನಾಗಿ ಮಲಗಿದವರೂ ತಮ್ಮ ನಿದ್ದೆಯನ್ನು ಅನುಮಾನಿಸುವಂತೆ ಮಾಡಿತು. ಪತ್ರಿಕೆಗಳಲ್ಲಿ ಚಿತ್ರಕಥೆಗಳು ಬರುತ್ತಿದ್ದವು: ಕಚೇರಿಯಲ್ಲಿ ಒಬ್ಬ ತೂಕಡಿಸುತ್ತಾನೆ, ಸಿಡುಕುತ್ತಾನೆ, ಕೆಲಸ ಹೋಗುವ ಹಂತಕ್ಕೆ ಬರುತ್ತಾನೆ. ವೈದ್ಯರು ‘ರಾತ್ರಿ ಉಪವಾಸ’ ಎನ್ನುತ್ತಾರೆ. ಕೊನೆಯ ಚೌಕದಲ್ಲಿ ಎಲ್ಲವೂ ಸುಖಾಂತ. ಆ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷದ ಹತ್ತಿರ ಹೋಗಿತ್ತು ಎಂಬುದನ್ನು ನೆನೆದರೆ ಈ ಕಥೆಗಳು ತಮಾಷೆಯಾಗಿ ಉಳಿಯುವುದಿಲ್ಲ. ಕೆಲಸ ಕಳೆದುಕೊಳ್ಳುವ ಭಯದಲ್ಲಿ ಹೊರಳಾಡಿದವನ ದಣಿವನ್ನು ಅವನ ಹೊಟ್ಟೆಯ ಕೊರತೆಯೆಂದು ಹೆಸರಿಸಿ, ಅವನಿಗೇ ಮಾರಿದರು.

ಜಾರ್ಜ್ ಆರ್ವೆಲ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1936ರ ‘ಕೀಪ್ ದಿ ಆಸ್ಪಿಡಿಸ್ಟ್ರ ಫ್ಲೈಯಿಂಗ್’ ಕಾದಂಬರಿಯಲ್ಲಿ ಕವಿಯಾಗಹೊರಟ ಗಾರ್ಡನ್ ಕಾಮ್‌ಸ್ಟಾಕ್ ಕೊನೆಗೆ ಜಾಹೀರಾತು ಕಚೇರಿಗೇ ಮರಳುತ್ತಾನೆ. ಕಾಲಿನ ಬೆವರಿನ ಬಗ್ಗೆ ಜನರಲ್ಲಿ ಅಳುಕು ಹುಟ್ಟಿಸುವ ಘೋಷಣೆ ಹುಡುಕುವುದು ಅಲ್ಲಿ ಅವನ ಕೆಲಸ. ಆ ಕಚೇರಿಯವರಿಗೆ ಮಾದರಿ ಯಾವುದು? ಇದೇ ‘ನೈಟ್ ಸ್ಟಾರ್ವೇಶನ್’.

ಇನ್ನು ನಮ್ಮಲ್ಲಿ. 1960ರ ಹೊತ್ತಿಗೆ ಪಂಜಾಬಿನ ನಾಭಾದಲ್ಲಿ ಹಾರ್ಲಿಕ್ಸ್ ತಯಾರಾಗತೊಡಗಿತು. ಇಲ್ಲಿ ಅದು ನಿದ್ದೆಯ ಮಾತೆತ್ತಲಿಲ್ಲ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಕೈಯಲ್ಲಿ ಹಿಡಿದ ಬಾಟಲಿಯಾಯಿತು, ಆಮೇಲೆ ಮಕ್ಕಳನ್ನು ಎತ್ತರಕ್ಕೆ ಬೆಳೆಸುವ, ಗಟ್ಟಿಮಾಡುವ, ಚುರುಕಾಗಿಸುವ ಪುಡಿಯಾಯಿತು. ಪರೀಕ್ಷೆಯ ಹಿಂದಿನ ರಾತ್ರಿ ಅಮ್ಮ ನನಗೆ ಅದನ್ನು ಕಲಸಿಕೊಡುತ್ತಿದ್ದದ್ದು ನಿದ್ದೆ ಬರಲಿ ಎಂದಲ್ಲ, ಇನ್ನೆರಡು ಗಂಟೆ ಎಚ್ಚರವಿರಲಿ ಎಂದು!

2008ರಲ್ಲಿ ಈ ಎರಡು ಹಾರ್ಲಿಕ್ಸ್‌ಗಳು ಮುಖಾಮುಖಿಯಾದವು. ಮಕ್ಕಳು ಎತ್ತರ, ಬಲಿಷ್ಠ, ಚುರುಕು ಆಗುತ್ತಾರೆ ಎನ್ನುವ ಜಾಹೀರಾತು ಬ್ರಿಟನ್ನಿನ ನೇಪಾಳಿ ಟಿವಿ ವಾಹಿನಿಯೊಂದರಲ್ಲಿ ಬಂದುಬಿಟ್ಟಿತು. ಅಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆ ಅದನ್ನು ತಡೆಯಿತು. ಕಂಪನಿ ಕೊಟ್ಟ ಸಮಜಾಯಿಷಿ ಇಷ್ಟೇ: ಆ ಜಾಹೀರಾತನ್ನು ಮಾಡಿದ್ದು ಬ್ರಿಟನ್ನಿಗಾಗಿ ಅಲ್ಲ, ಬಾಂಗ್ಲಾದೇಶಕ್ಕಾಗಿ.